ಸೆನು ಯಾಕೆ ಅಷ್ಟು ಹತ್ತಿರವಾಗುತ್ತದೆ?

ಪ್ರಶ್ನೆ: ‘ಅಸಾಸಿನ್ಸ್ ಕ್ರೀಡ್ ಆರಿಜಿನ್ಸ್’ ಎಂಬ ವಿಡಿಯೋ ಗೇಮ್ ಆಡುತ್ತಿದ್ದೇನೆ. ನಾಯಕ ಬಾಯೆಕ್‌ಗಿಂತ ಅವನ ಹದ್ದು ಸೆನು ನನಗೆ ಜಾಸ್ತಿ ಇಷ್ಟವಾಗಿಬಿಟ್ಟಿದೆ. ಆ ಕಾಲದ ಈಜಿಪ್ಟಿನಲ್ಲಿ ನಿಜವಾಗಿಯೂ ಹೀಗೆ ಹದ್ದು ಸಾಕುತ್ತಿದ್ದರಾ? ಹದ್ದು ಒಬ್ಬ ಮನುಷ್ಯನಿಗೆ ಇಷ್ಟು ನಿಷ್ಠೆಯಿಂದ ಇರುತ್ತದಾ? ಶತ್ರು ಎಲ್ಲಿದ್ದಾನೆ ಎಂದು ತೋರಿಸಿಕೊಡುತ್ತದಾ? ಇದೇ ಸರಣಿಯ ‘ವಲ್ಹಾಲ್ಲಾ’ ಆಡಿದಾಗ ಅದರ ಕಾಗೆಯ ಮೇಲೆ ಈ ಪ್ರೀತಿ ಹುಟ್ಟಲೇ ಇಲ್ಲ, ಯಾಕೆ? ಇದು ಮುಗಿದ ಮೇಲೆ ಯಾವುದನ್ನು ಆಡಲಿ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಸೆನು ಬಗ್ಗೆ ಮಾತಾಡಲು ನನಗೆ ನೆಪ ಬೇಕಿತ್ತು. ನಾಲ್ಕನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದ ಉತ್ತರಗಳ ಬೇರು ಅಲ್ಲೇ ಇದೆ. ಸೆನು ನಿಮಗೆ ಹತ್ತಿರವಾಗಿದ್ದು ಕಥೆಯಲ್ಲಿ ಅದು ನಿಷ್ಠಾವಂತ ಹಕ್ಕಿ ಎಂದು ಬರೆದಿರುವುದರಿಂದ ಮಾತ್ರ ಅಲ್ಲ. ಆಟದಲ್ಲಿ ಅದಕ್ಕೆ ಒಂದು ನಿಜವಾದ ಕೆಲಸ ಕೊಟ್ಟಿದ್ದಾರೆ. ಆ ಕೆಲಸ ಮಾಡುವಾಗ ನೀವೂ ಅದರ ಜೊತೆಗಿರುತ್ತೀರಿ.

ಆರಿಜಿನ್ಸ್ ಬಂದದ್ದು 2017ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚಿನ ಆಟಗಳನ್ನು ಆಡಿದ್ದರೆ ನೆನಪಿರಬಹುದು: ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಮಿನಿ ಮ್ಯಾಪ್ ಇರುತ್ತಿತ್ತು. ಅದರಲ್ಲಿ ಶತ್ರುಗಳು ಚುಕ್ಕಿಗಳಾಗಿ ಓಡಾಡುತ್ತಿದ್ದರು. ಇದರ ಜೊತೆಗೆ 2007ರ ಮೊದಲ ಆಟದಿಂದಲೂ ‘ಈಗಲ್ ವಿಷನ್’ ಇತ್ತು. ಬಟನ್ ಒತ್ತಿದರೆ ಸುತ್ತಲಿನ ಜಗತ್ತು ಮಂಕಾಗಿ, ಶತ್ರುಗಳು ಕೆಂಪಾಗಿ, ಹುಡುಕುತ್ತಿರುವ ವ್ಯಕ್ತಿ ಬಂಗಾರದ ಬಣ್ಣದಲ್ಲಿ ಕಾಣುತ್ತಿದ್ದ. ಹದ್ದಿನ ದೃಷ್ಟಿ ಅಂತ ಹೆಸರು, ಆದರೆ ಅಲ್ಲಿ ಹದ್ದೇ ಇರಲಿಲ್ಲ. ಅದು ನಾಯಕನ ವಿಶೇಷ ಶಕ್ತಿಯಾಗಿತ್ತು ಅಷ್ಟೇ.

ಆರಿಜಿನ್ಸ್ ಮಾಡಿದ ತಂಡ, ಅಂದರೆ ಯೂಬಿಸಾಫ್ಟ್ ಮಾಂಟ್ರಿಯಲ್, ಧೈರ್ಯದ ಕೆಲಸವೊಂದನ್ನು ಮಾಡಿತು. ಮಿನಿ ಮ್ಯಾಪ್ ತೆಗೆದುಹಾಕಿತು. ಮೇಲ್ಗಡೆ ದಿಕ್ಕು ತೋರಿಸುವ ಒಂದು ಪಟ್ಟಿಯನ್ನು ಮಾತ್ರ ಉಳಿಸಿತು. ಹಳೆಯ ಈಗಲ್ ವಿಷನ್ ಕೂಡ ಹೋಯಿತು. ಅಷ್ಟು ದಿನ ಇವೆರಡೂ ಕೊಡುತ್ತಿದ್ದ ಮಾಹಿತಿಯ ದೊಡ್ಡ ಪಾಲನ್ನು ಒಂದು ಜೀವಂತ ಹಕ್ಕಿಯ ಕೈಗೆ ಒಪ್ಪಿಸಿತು. ಕೋಟೆಯೊಳಗೆ ಎಷ್ಟು ಕಾವಲುಗಾರರಿದ್ದಾರೆ, ಯಾರು ಯಾವ ಕಡೆ ತಿರುಗುತ್ತಾರೆ, ಖಜಾನೆ ಎಲ್ಲಿದೆ, ಕೈದಿ ಯಾವ ಪಂಜರದಲ್ಲಿದ್ದಾನೆ ಎಂದು ಮೊದಲೇ ತಿಳಿಯಬೇಕಾದರೆ ಸೆನುವನ್ನೇ ಕರೆಯಬೇಕು.

ಕರೆದ ಮೇಲೆ ಏನಾಗುತ್ತದೆ ನೋಡಿ. ಕ್ಯಾಮೆರಾ ಬಾಯೆಕ್‌ನನ್ನು ಬಿಟ್ಟು ಮೇಲೆ ಹೋಗುತ್ತದೆ. ಈಗ ಹಾರುತ್ತಿರುವವರು ನೀವೇ. ಹುಡುಕುವ ಜಾಗದ ದಿಕ್ಕಿಗೆ ತಿರುಗಿದರೆ ಬಂಗಾರದ ಬಣ್ಣದ ವೃತ್ತವೊಂದು ಕಾಣುತ್ತದೆ. ಗುರಿ ಸರಿಯಾದಷ್ಟೂ ಅದು ಕಿರಿದಾಗುತ್ತಾ ಬಂದು, ಕೊನೆಗೆ ಗುರಿ ಸಿಕ್ಕಿತು ಎಂದು ಹೇಳುತ್ತದೆ. ಇಲ್ಲಿ ಯಾರೂ ನಿಮಗೆ ಉತ್ತರ ತಂದುಕೊಡುವುದಿಲ್ಲ. ನೀವೇ ಹುಡುಕುತ್ತೀರಿ, ಆದರೆ ಸೆನುವಿನ ಕಣ್ಣಿನಿಂದ. ಇಷ್ಟು ಹೊತ್ತು ಬಾಯೆಕ್ ಕೆಳಗೆ ಸುಮ್ನೆ ನಿಂತಿರುತ್ತಾನೆ. ಅವನ ಹತ್ತಿರ ಯಾರಾದರೂ ಬಂದರೆ ಅವನಿಗೆ ಅಪಾಯ. ಹಾಗಾಗಿ ಪ್ರತಿ ಸಲ ಹಾರುವಾಗಲೂ ನೀವು ಸ್ವಲ್ಪ ನಂಬಿಕೆ ಇಟ್ಟು ಹಾರುತ್ತೀರಿ. ನೂರಾರು ಸಲ ಹೀಗೆ ಮಾಡಿದ ಮೇಲೆ ಸೆನು ಹತ್ತಿರದ್ದು ಅನ್ನಿಸದೆ ಇರಲು ಸಾಧ್ಯವೇ ಇಲ್ಲ, ಅಲ್ವಾ?

ಇನ್ನೊಂದು ಚಿಕ್ಕ ವಿಷಯ ನನಗೆ ತುಂಬಾ ಇಷ್ಟ. ಒಂಟೆಯನ್ನೋ ಕುದುರೆಯನ್ನೋ ಹತ್ತಿ, ತಾನಾಗಿಯೇ ದಾರಿ ಹಿಡಿದು ಹೋಗುವಂತೆ ಬಿಟ್ಟು, ಆ ಹೊತ್ತಿನಲ್ಲಿ ನೀವು ಸೆನುವಿನ ಜೊತೆ ಮೇಲೆ ಹಾರಬಹುದು. ಕೆಳಗೆ ಬಾಯೆಕ್ ಒಂದು ಚುಕ್ಕಿಯಾಗಿ ಮರಳಿನಲ್ಲಿ ಸಾಗುತ್ತಿರುತ್ತಾನೆ. ಅದರಿಂದ ಆಟದಲ್ಲಿ ಯಾವ ಲಾಭವೂ ಇಲ್ಲದಿರಬಹುದು. ಆದರೆ ನೈಲ್ ನದಿಯ ಹಸಿರು ಪಟ್ಟಿ ಎಲ್ಲಿ ಮುಗಿದು ಮರುಭೂಮಿ ಎಲ್ಲಿ ಶುರುವಾಗುತ್ತದೆ ಎಂಬುದು ಹಾಗೆ ನೋಡಿದಾಗಲೇ ಮನಸ್ಸಿಗೆ ಹೊಳೆಯುತ್ತದೆ. ಈಜಿಪ್ಟ್ ಅಂದರೆ ಏನು ಎಂಬುದನ್ನು ಆ ಒಂದು ನೋಟ ಹೇಳಿಬಿಡುತ್ತದೆ.

ಸೆನು ನಿಮ್ಮ ಜೊತೆ ಬೆಳೆಯುತ್ತದೆ ಕೂಡ. ಎತ್ತರದ ಜಾಗಗಳನ್ನು ಹತ್ತಿ ‘ಸಿಂಕ್ರೊನೈಸ್’ ಮಾಡಿದಷ್ಟೂ, ಅಂದರೆ ಅಲ್ಲಿಂದ ಸುತ್ತಲಿನ ಪ್ರದೇಶ ನೋಡಿ ಗುರುತಿಸಿಕೊಂಡಷ್ಟೂ, ಅದರ ಗ್ರಹಿಕೆ ಹೆಚ್ಚುತ್ತದೆ. ಬಾಯೆಕ್ ಹತ್ತಿದ್ದಕ್ಕೆ ಸೆನುವಿನ ಕಣ್ಣು ಚುರುಕಾಗುವುದು, ಸೆನು ನೋಡಿದ್ದಕ್ಕೆ ಬಾಯೆಕ್‌ನ ಕತ್ತಿ ಸರಿಯಾದ ಜಾಗ ಮುಟ್ಟುವುದು. ಇಬ್ಬರ ಶ್ರಮವೂ ಒಬ್ಬರಿಗೊಬ್ಬರು ಸಲ್ಲುತ್ತದೆ. ನನ್ನ ಪ್ರಕಾರ ಆಟದ ಜಾಣತನ ಇರುವುದು ಇಲ್ಲೇ.

ಅದು ಜೊತೆಗಿಲ್ಲದ ಜಾಗಗಳನ್ನೂ ಗಮನಿಸಿ. ಗೋರಿಗಳ ಒಳಗೆ, ಪಿರಮಿಡ್ಡುಗಳ ಸುರಂಗಗಳಲ್ಲಿ ಸೆನು ಬರುವುದಿಲ್ಲ. ಕೈಯಲ್ಲಿ ಪಂಜು ಹಿಡಿದು ಒಬ್ಬರೇ ನಡೆಯಬೇಕು. ಮುಂದಿನ ತಿರುವಿನಲ್ಲಿ ಏನಿದೆ ಎಂದು ಹೇಳುವವರಿಲ್ಲ. ಮತ್ತೆ ಹೊರಗೆ ಬಂದು ಆಕಾಶ ಕಂಡ ಕೂಡಲೇ ಕೈ ತಾನಾಗಿಯೇ ಆ ಬಟನ್‌ಗೆ ಹೋಗುತ್ತದೆ. ಜೊತೆಗಾರನ ಬೆಲೆ ಅವನಿಲ್ಲದಾಗ ತಿಳಿಯುವಂತೆ ಆಟವನ್ನು ಕಟ್ಟಿದ್ದಾರೆ.

ಕಥೆಯೂ ಇದಕ್ಕೆ ಸಾಥ್ ಕೊಡುತ್ತದೆ. (ಇನ್ನೂ ಮುಗಿಸಿಲ್ಲವಾದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಬಾಯೆಕ್ ಮಗ ಖೆಮುವನ್ನು ಕಳೆದುಕೊಂಡ ತಂದೆ. ಹೆಂಡತಿ ಆಯಾ ಬಹುಪಾಲು ಬೇರೆ ಊರಿನಲ್ಲಿ, ಬೇರೆ ಹೋರಾಟದಲ್ಲಿ ಇರುತ್ತಾಳೆ. ಕಥೆಯ ಉದ್ದಕ್ಕೂ ಅವನ ಜೊತೆ ಉಳಿಯುವ ಜೀವ ಸೆನು ಒಂದೇ. ಖೆಮುವಿನದಾಗಿದ್ದ ಹದ್ದಿನ ತಲೆಬುರುಡೆಯ ಪದಕ ಕೊನೆಯಲ್ಲಿ ಮರಳಿಗೆ ಬೀಳುತ್ತದೆ. ಅದು ಬಿಟ್ಟ ಗುರುತೇ ಮುಂದೆ ಇಡೀ ಸರಣಿಯ ಲಾಂಛನವಾಗುತ್ತದೆ. ಹತ್ತು ವರ್ಷದಿಂದ ಆಟಗಾರರು ಪೆಟ್ಟಿಗೆಯ ಮೇಲೆ ನೋಡುತ್ತಾ ಬಂದಿದ್ದ ಗುರುತಿಗೆ ಒಬ್ಬ ಸತ್ತ ಮಗುವಿನ ನೆನಪನ್ನು ಕಾರಣವಾಗಿ ಕೊಟ್ಟರು. ಈ ಸರಣಿಯಲ್ಲಿ ಅದಕ್ಕಿಂತ ಗಟ್ಟಿಯಾದ ದೃಶ್ಯ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ.

ಈಗ ಇತಿಹಾಸಕ್ಕೆ ಬರೋಣ. ಕಥೆ ಶುರುವಾಗುವುದು ಕ್ರಿ.ಪೂ. 49ರ ಸುಮಾರಿಗೆ. ಈಜಿಪ್ಟನ್ನು ಆಳುತ್ತಿದ್ದವರು ಗ್ರೀಕ್ ಮೂಲದ ಟಾಲೆಮಿ ವಂಶದವರು. ಕ್ಲಿಯೋಪಾತ್ರ ಮತ್ತು ಅವಳ ತಮ್ಮ 13ನೇ ಟಾಲೆಮಿ ಸಿಂಹಾಸನಕ್ಕಾಗಿ ಕಿತ್ತಾಡುತ್ತಿದ್ದ ಕಾಲ. ಬಾಯೆಕ್ ಸೀವಾ ಎಂಬ ಓಯಸಿಸ್‌ನವನು, ತಾನು ಕೊನೆಯ ಮೆಡ್ಜೇ ಎಂದು ಹೇಳಿಕೊಳ್ಳುವ ಕಾವಲುಗಾರ. ನಿಜದಲ್ಲಿ ಮೆಡ್ಜೇಗಳು ನ್ಯೂಬಿಯಾ ಕಡೆಯ ಜನ. ಫರೋಗಳ ಕಾಲದಲ್ಲಿ ಮರುಭೂಮಿಯ ಗಸ್ತು, ಪಟ್ಟಣಗಳ ಕಾವಲು ಮಾಡುತ್ತಿದ್ದರು. ಕ್ಲಿಯೋಪಾತ್ರಳ ಹೊತ್ತಿಗೆ ಆ ಹೆಸರು ದಾಖಲೆಗಳಿಂದ ಮರೆಯಾಗಿ ಸುಮಾರು ಸಾವಿರ ವರ್ಷವಾಗಿತ್ತು.

ಮೆಡ್ಜೇ ಆಗಲಿ ಬೇರೆಯವರಾಗಲಿ, ಪ್ರಾಚೀನ ಈಜಿಪ್ಟಿನವರು ಹದ್ದನ್ನು ಪಳಗಿಸಿ ಬೇಟೆಗೋ ಬೇಹುಗಾರಿಕೆಗೋ ಬಳಸಿದ್ದಕ್ಕೆ ಸ್ಪಷ್ಟ ಪುರಾವೆ ಇಲ್ಲ. ಅವರ ಪವಿತ್ರ ಹಕ್ಕಿ ಡೇಗೆ, ಅಂದರೆ ಫಾಲ್ಕನ್. ಹೋರಸ್ ದೇವರಿಗೆ ಡೇಗೆಯ ತಲೆ. ಎಡ್ಫುವಿನಲ್ಲಿರುವ ಹೋರಸ್ ದೇವಾಲಯವನ್ನು ಟಾಲೆಮಿಗಳೇ ಕಟ್ಟಿಸಿದರು. ಕ್ರಿ.ಪೂ. 237ರಲ್ಲಿ ಶುರುವಾದ ಕೆಲಸ ಮುಗಿದದ್ದು ಕ್ರಿ.ಪೂ. 57ರಲ್ಲಿ, ಕ್ಲಿಯೋಪಾತ್ರಳ ಅಪ್ಪನ ಕಾಲದಲ್ಲಿ. ಅಂದರೆ ಬಾಯೆಕ್‌ನ ಕಥೆಗೆ ಕೆಲವೇ ವರ್ಷ ಮುಂಚೆ. ಅಲ್ಲಿ ಪ್ರತಿ ವರ್ಷ ಒಂದು ಜೀವಂತ ಡೇಗೆಯನ್ನು ಆರಿಸಿ, ಹೋರಸ್‌ನ ರೂಪವೆಂದು ಪಟ್ಟ ಕಟ್ಟುತ್ತಿದ್ದರು. ಹಾಗಾದರೆ ಹಕ್ಕಿಗಳನ್ನು ಸಾಕುತ್ತಿದ್ದರು, ಆದರೆ ದೇವಾಲಯದಲ್ಲಿ. ಹೆಗಲ ಮೇಲೆ ಹೊತ್ತು ಯುದ್ಧಕ್ಕೆ ಹೋಗುತ್ತಿರಲಿಲ್ಲ.

ಈ ಸಾಕಣೆಗೆ ಇನ್ನೊಂದು ಮುಖವೂ ಇದೆ. ಹರಕೆಯಾಗಿ ಒಪ್ಪಿಸಲು ಬೇಟೆಗಾರ ಹಕ್ಕಿಗಳನ್ನು ಮಮ್ಮಿ ಮಾಡುತ್ತಿದ್ದರು. ಸಕ್ಕಾರಾ ಎಂಬ ಪ್ರಾಚೀನ ಸಮಾಧಿ ಕ್ಷೇತ್ರದಲ್ಲಿ ಇದಕ್ಕೆಂದೇ ನೆಲದಡಿಯ ಗ್ಯಾಲರಿಗಳಿವೆ. ದಕ್ಷಿಣ ಆಫ್ರಿಕಾದ ವಸ್ತುಸಂಗ್ರಹಾಲಯವೊಂದರಲ್ಲಿದ್ದ ಕೆಸ್ಟ್ರೆಲ್ ಎಂಬ ಪುಟ್ಟ ಡೇಗೆಯ ಮಮ್ಮಿಯನ್ನು ಸಂಶೋಧಕರು ಬಿಚ್ಚದೆಯೇ ಸ್ಕ್ಯಾನ್ ಮಾಡಿದರು. 2015ರಲ್ಲಿ ಬಂದ ಅವರ ವರದಿ ಓದಿದರೆ ಹೊಟ್ಟೆ ತೊಳಸುತ್ತದೆ. ಹಕ್ಕಿಯ ಹೊಟ್ಟೆ ಆಗಲೇ ತುಂಬಿತ್ತು, ಇನ್ನೊಂದು ಇಲಿ ಗಂಟಲಲ್ಲಿ ಸಿಕ್ಕಿ ಅದು ಸತ್ತಿತ್ತು. ಬಂಧನದಲ್ಲಿಟ್ಟು ಬಲವಂತವಾಗಿ ತಿನ್ನಿಸಿರಬಹುದು ಎಂಬುದು ಅವರ ಅಂದಾಜು. ಬಾಯೆಕ್ ಮತ್ತು ಸೆನುವಿನ ಸ್ನೇಹ ನೋಡಿ ಆ ಕಾಲದ ಎಲ್ಲ ಹಕ್ಕಿಗಳ ಬಾಳೂ ಹಾಗೇ ಇತ್ತು ಅಂದುಕೊಳ್ಳಬಾರದು ಎಂದು ಇದನ್ನು ಹೇಳುತ್ತಿದ್ದೇನೆ.

ಹದ್ದು ಆ ಕಾಲದ ಈಜಿಪ್ಟಿನಲ್ಲಿ ಇರಲೇ ಇಲ್ಲವಾ? ಎಲ್ಲರ ಜೇಬಿನಲ್ಲೂ ಇತ್ತು. ಟಾಲೆಮಿಗಳ ನಾಣ್ಯಗಳ ಒಂದು ಬದಿಯಲ್ಲಿ ಸಿಡಿಲಿನ ಮೇಲೆ ನಿಂತ ಹದ್ದು ಇರುತ್ತದೆ. ಅದು ಗ್ರೀಕರ ಸ್ಯೂಸ್ ದೇವರ ಹದ್ದು, ಮೊದಲನೇ ಟಾಲೆಮಿಯಿಂದ ಕ್ಲಿಯೋಪಾತ್ರಳ ತನಕ ಆ ವಂಶದ ಗುರುತು. ಇಲ್ಲೊಂದು ಸ್ವಾರಸ್ಯ ಇದೆ. ಬಾಯೆಕ್ ಟಾಲೆಮಿಯ ಆಳ್ವಿಕೆಯ ವಿರುದ್ಧ ನಿಂತವನು, ನೆಲದ ಜನರ ಪರವಾಗಿರುವವನು. ಆದರೆ ಅವನ ಆಕಾಶದಲ್ಲಿ ಹಾರುವುದು ಅರಸರ ನಾಣ್ಯದ ಹಕ್ಕಿ. ಇತಿಹಾಸಕ್ಕೆ ಹತ್ತಿರ ಇರಬೇಕೆಂದರೆ ಡೇಗೆಯನ್ನೇ ಕೊಡಬೇಕಿತ್ತು. ಮೊದಲ ಆಟದಿಂದಲೂ ಹದ್ದೇ ಗುರುತಾಗಿರುವಾಗ ಅದನ್ನು ಬಿಡಲು ಆಗದು ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಬಾಯೆಕ್‌ನ ತೋಳಿನ ಮೇಲೆ ಡೇಗೆ ಇದ್ದಿದ್ದರೆ ಅವನು ಇನ್ನಷ್ಟು ಈಜಿಪ್ಟಿನವನಾಗಿ ಕಾಣುತ್ತಿದ್ದ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸೆನು ಬೊನೆಲ್ಲಿ ಹದ್ದು ಜಾತಿಯದು, ಹೆಣ್ಣು. ಇದು ಕಲ್ಪನೆಯ ಹಕ್ಕಿ ಅಲ್ಲ. ಇಟಲಿಯ ಪಕ್ಷಿತಜ್ಞ ಬೊನೆಲ್ಲಿಯ ಹೆಸರು ಹೊತ್ತ ಈ ಹದ್ದು ದಕ್ಷಿಣ ಯುರೋಪ್, ಉತ್ತರ ಆಫ್ರಿಕಾದಿಂದ ಹಿಡಿದು ಭಾರತದ ತನಕ ಇದೆ. ತೂಕ ಸುಮಾರು ಒಂದೂವರೆಯಿಂದ ಎರಡೂವರೆ ಕಿಲೋ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್‌ಗೂ ಜಾಸ್ತಿ ಅಗಲ. ಪಾರಿವಾಳ, ಕೌಜುಗ, ಮೊಲ ಇದರ ಊಟ. ಕಡಿದಾದ ಬಂಡೆಗಳ ಮೇಲೆ, ದೊಡ್ಡ ಮರಗಳಲ್ಲಿ ಗೂಡು ಕಟ್ಟುತ್ತದೆ. ನಮ್ಮ ಕರ್ನಾಟಕದಲ್ಲೂ ಇದೆ. ರಾಮನಗರದಂಥ ಬಂಡೆ ಬೆಟ್ಟಗಳ ಕಡೆ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಹೋದರೆ, ಅದೃಷ್ಟವಿದ್ದರೆ, ನಿಜವಾದ ಸೆನುವನ್ನು ನೋಡಬಹುದು. ಕೆಳಗಿನಿಂದ ನೋಡುವಾಗ ಬಿಳಿ ಹೊಟ್ಟೆ, ಕಪ್ಪು ಛಾಯೆಯ ರೆಕ್ಕೆ, ಬಾಲದ ತುದಿಯಲ್ಲಿ ಕಪ್ಪು ಪಟ್ಟಿ, ಇವನ್ನು ಗಮನಿಸಿ.

ಆದರೆ ಅದು ಸೆನುವಿನ ಹಾಗೆ ಗಾಳಿಯಲ್ಲಿ ಒಂದೇ ಕಡೆ ನಿಂತು ಕಾಯುವುದಿಲ್ಲ. ಹಾಗೆ ನಿಲ್ಲುವುದರಲ್ಲಿ ಕೆಸ್ಟ್ರೆಲ್ ನಿಪುಣ ಹಕ್ಕಿ. ಬೊನೆಲ್ಲಿ ಬಿಸಿಗಾಳಿಯ ಮೇಲೆ ಸುತ್ತು ಹಾಕುತ್ತದೆ, ಇಲ್ಲವೇ ಬಂಡೆಯ ಮೇಲೆ ಕೂತು ಕಾದು ಎರಗುತ್ತದೆ. ರಾತ್ರಿಯ ಬೇಹುಗಾರಿಕೆಯೂ ಆಟದ ಅನುಕೂಲಕ್ಕಾಗಿ ಮಾಡಿದ್ದು. ಹದ್ದುಗಳು ಹಗಲಿನ ಹಕ್ಕಿಗಳು.

ಕಣ್ಣಿನ ವಿಷಯಕ್ಕೆ ಬಂದರೆ, ಹದ್ದಿಗೆ ಮನುಷ್ಯನಿಗಿಂತ ಎಂಟು ಪಟ್ಟು ಚುರುಕು ದೃಷ್ಟಿ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅಷ್ಟಿಲ್ಲ. ಆಸ್ಟ್ರೇಲಿಯಾದ ದೊಡ್ಡ ಹದ್ದೊಂದರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಕಂಡದ್ದು ಸುಮಾರು ಎರಡು, ಎರಡೂವರೆ ಪಟ್ಟು. ಅದೇ ದೊಡ್ಡ ಮಾತು. ಜೊತೆಗೆ ಹದ್ದಿನ ಒಂದೊಂದು ಕಣ್ಣಿನಲ್ಲೂ ಅತಿ ಸ್ಪಷ್ಟವಾಗಿ ನೋಡುವ ಜಾಗಗಳು ಎರಡೆರಡಿವೆ, ನಮಗೆ ಒಂದೇ. ಹಾಗಾಗಿ ಕೋಟೆಯ ಮೇಲೆ ಹಾರುವ ಹದ್ದಿಗೆ ಕಾವಲುಗಾರರು ಕಾಣುತ್ತಾರೆ, ಅನುಮಾನವೇ ಬೇಡ.

ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಕಂಡದ್ದನ್ನು ಅದು ನಿಮಗೆ ಹೇಗೆ ಹೇಳುತ್ತದೆ? ಯಾಕಾದರೂ ಹೇಳಬೇಕು? ಕಾವಲುಗಾರ ಅದಕ್ಕೆ ಊಟವೂ ಅಲ್ಲ, ಶತ್ರುವೂ ಅಲ್ಲ. ಈ ಕಂದಕವನ್ನು ಆಟ ಒಂದೇ ಏಟಿಗೆ ದಾಟುತ್ತದೆ, ನಿಮ್ಮನ್ನು ಹಕ್ಕಿಯ ಕಣ್ಣೊಳಗೆ ಕೂರಿಸಿ. ನಿಜ ಜೀವನದಲ್ಲಿ ಅದಕ್ಕೆ ಸಮೀಪ ಹೋಗಿದ್ದು ಕ್ಯಾಮೆರಾ ಕಟ್ಟಿದ ಹಕ್ಕಿಗಳು. 2015ರಲ್ಲಿ ದರ್ಶನ್ ಎಂಬ ಹೆಸರಿನ ಇಂಪೀರಿಯಲ್ ಹದ್ದು ಬೆನ್ನಿಗೆ ಕ್ಯಾಮೆರಾ ಕಟ್ಟಿಕೊಂಡು ದುಬೈನ ಬುರ್ಜ್ ಖಲೀಫಾದ ತುದಿಯಿಂದ ಹಾರಿ, 800 ಮೀಟರ್‌ಗೂ ಕೆಳಗೆ ಕಾಯುತ್ತಿದ್ದ ತನ್ನ ತರಬೇತುದಾರನ ಬಳಿಗೆ ಇಳಿಯಿತು. ಆ ವಿಡಿಯೋ ನೋಡಿ, ಸೆನುವಿನ ಕಣ್ಣಿನಿಂದ ನೋಡಿದ್ದು ನೆನಪಾಗುತ್ತದೆ. ಪೆರುವಿನ ಲಿಮಾ ನಗರದಲ್ಲಿ ಇದಕ್ಕಿಂತ ಉಪಯೋಗದ ಕೆಲಸ ನಡೆಯಿತು. ಅಲ್ಲಿನ ಕಪ್ಪು ರಣಹದ್ದುಗಳಿಗೆ ಜಿಪಿಎಸ್ ಮತ್ತು ಪುಟ್ಟ ಕ್ಯಾಮೆರಾ ಕಟ್ಟಿ, ಕಾನೂನು ಮೀರಿ ಕಸ ಸುರಿದ ಜಾಗಗಳನ್ನು ಪತ್ತೆಹಚ್ಚಿದರು. ಈ ಉಪಾಯ ಫಲಿಸಿದ್ದಕ್ಕೆ ಕಾರಣ ಸರಳ. ಹಕ್ಕಿಗೆ ಕಸ ಬೇಕಿತ್ತು, ಜನರಿಗೂ ಕಸದ ಜಾಗ ಬೇಕಿತ್ತು.

ಬೇಕುಗಳು ಹೊಂದದಿದ್ದರೆ ಏನಾಗುತ್ತದೆ ಎಂದು ನೆದರ್ಲೆಂಡ್ಸ್ ಪೊಲೀಸರಿಗೆ ಗೊತ್ತಾಯಿತು. ಅನುಮತಿ ಇಲ್ಲದೆ ಹಾರುವ ಡ್ರೋನ್‌ಗಳನ್ನು ಹಿಡಿಯಲು 2016ರಲ್ಲಿ ಹದ್ದುಗಳಿಗೆ ತರಬೇತಿ ಕೊಡಿಸಿದರು. 2017ರ ಕೊನೆಗೆ ಕೈಬಿಟ್ಟರು. ಖರ್ಚು ಜಾಸ್ತಿ, ಡ್ರೋನ್ ಹಿಡಿಯುವ ಅಗತ್ಯ ಕಮ್ಮಿ, ಮೇಲಾಗಿ ಹದ್ದುಗಳು ಯಾವಾಗಲೂ ಹೇಳಿದಂತೆ ಕೇಳುತ್ತಿರಲಿಲ್ಲ.

ಹಾಗಾದರೆ ನಿಷ್ಠೆ? ಹದ್ದಿನ ಜೊತೆ ಬಾಳುವ ಜನರನ್ನೇ ಕೇಳಬೇಕು. ಮಂಗೋಲಿಯಾದ ಪಶ್ಚಿಮ ತುದಿಯ ಬಯಾನ್-ಓಲ್ಗಿಯಲ್ಲಿ, ಕಜಕಿಸ್ತಾನ್, ಕಿರ್ಗಿಸ್ತಾನ್‌ಗಳಲ್ಲಿ ಬಂಗಾರ ಹದ್ದಿನ ಜೊತೆ ನರಿ ಬೇಟೆಯಾಡುವ ಬೇಟೆಗಾರರಿದ್ದಾರೆ. ಅವರು ಹೆಚ್ಚಾಗಿ ಹೆಣ್ಣು ಹದ್ದನ್ನೇ ಆರಿಸುತ್ತಾರೆ, ಏಕೆಂದರೆ ಹದ್ದುಗಳಲ್ಲಿ ಹೆಣ್ಣೇ ದೊಡ್ಡದು. ಸೆನುವನ್ನು ಹೆಣ್ಣಾಗಿ ಮಾಡಿದ್ದು ಈ ಲೆಕ್ಕದಲ್ಲಿ ಸರಿಯಾಗಿದೆ. ಹದ್ದನ್ನು ದಿನವೂ ಕೈಯಾರೆ ತಿನ್ನಿಸಿ, ತಮ್ಮ ದನಿ ಪರಿಚಯ ಮಾಡಿಸಿ, ತೋಳಿನ ಮೇಲೆ ಹೊತ್ತು ತಿರುಗುತ್ತಾರೆ. ಹಾರಿಸುವ ಮುನ್ನ ಅದರ ಹಸಿವನ್ನು ಎಚ್ಚರದಿಂದ ಅಳೆಯುತ್ತಾರೆ. ಹೊಟ್ಟೆ ತುಂಬಿದ ಹದ್ದು ಕರೆದರೂ ಬರುವುದಿಲ್ಲ. ನಾಯಿ ನಮ್ಮನ್ನು ಮೆಚ್ಚಿಸಲು ಕೆಲಸ ಮಾಡುತ್ತದೆ, ಹದ್ದಿಗೆ ಆ ಆಸೆ ಇಲ್ಲ. ಈ ಮನುಷ್ಯನ ಜೊತೆ ಇದ್ದರೆ ಬೇಟೆ ಸಿಗುತ್ತದೆ, ಅಪಾಯ ಇಲ್ಲ ಎಂದು ಅದು ಕಲಿತಿರುತ್ತದೆ. ಪ್ರತಿ ಸಲ ಹಾರಿಸಿದಾಗಲೂ ಬಿಟ್ಟು ಹೋಗುವ ದಾರಿ ಅದಕ್ಕೆ ತೆರೆದೇ ಇರುತ್ತದೆ. ಹಾಗಿದ್ದೂ ಬಂದು ತೋಳಿನ ಮೇಲೆ ಕೂರುತ್ತದಲ್ಲ, ನನಗೆ ಅದು ನಿಷ್ಠೆಗಿಂತ ದೊಡ್ಡದಾಗಿ ಕಾಣುತ್ತದೆ. ಕೆಲವು ವರ್ಷ ಜೊತೆಗಿಟ್ಟುಕೊಂಡು, ಮರಿ ಮಾಡುವ ವಯಸ್ಸು ಮೀರದಂತೆ ಅದನ್ನು ಮತ್ತೆ ಬೆಟ್ಟಕ್ಕೆ ಬಿಟ್ಟುಬಿಡುವುದು ಅವರ ಸಂಪ್ರದಾಯ.

ಈ ವಿದ್ಯೆ ನಮ್ಮ ನೆಲಕ್ಕೂ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯ ಹಕ್ಕಿಗಳ ಬಗ್ಗೆಯೇ ‘ಶ್ಯೇನ ವಿನೋದ’ ಎಂಬ ಭಾಗವಿದೆ. ಅಂದರೆ ಇಂದಿನ ಬಸವಕಲ್ಯಾಣದ ಅರಮನೆಯಲ್ಲಿ ಹಕ್ಕಿ ಪಳಗಿಸುವುದು ಅರಸನ ಗಮನಕ್ಕೆ ತಕ್ಕ ವಿಷಯವಾಗಿತ್ತು. ಇದನ್ನು ಓದಿ ನಾನೂ ಒಂದು ಹದ್ದಿನ ಮರಿ ಸಾಕಲೇ ಎಂದು ಮಾತ್ರ ಯೋಚಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಗಾಯಗೊಂಡ ಹಕ್ಕಿ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಿ.

ಈಗ ವಲ್ಹಾಲ್ಲಾದ ಕಾಗೆ. 2020ರ ಆ ಆಟದಲ್ಲಿ ಮುಖ್ಯ ಪಾತ್ರ ಐವೋರ್ ಜೊತೆ ಸೀನಿನ್ ಎಂಬ ರೇವನ್, ಅಂದರೆ ದೊಡ್ಡ ಜಾತಿಯ ಕಾಗೆ, ಇದೆ. ವೈಕಿಂಗ್ ಕಥೆಗೆ ಇದು ಒಪ್ಪುವ ಆಯ್ಕೆ. ಓಡಿನ್ ದೇವರ ಎರಡು ಕಾಗೆಗಳು ಲೋಕವೆಲ್ಲ ಸುತ್ತಿ ಸುದ್ದಿ ತರುತ್ತವೆ ಎಂಬ ನಂಬಿಕೆ ಅವರದು. ಸೋತದ್ದು ಕೆಲಸ ಹಂಚುವುದರಲ್ಲಿ. ಸೀನಿನ್ ಹಾರಿದರೂ ಸೆನುವಿನಂತೆ ಶತ್ರುಗಳನ್ನು ಒಬ್ಬೊಬ್ಬರಾಗಿ ಗುರುತು ಮಾಡಿಕೊಡುವುದಿಲ್ಲ. ಆ ಕೆಲಸ ‘ಓಡಿನ್ಸ್ ಸೈಟ್’ ಎಂಬ ನಾಯಕನ ಶಕ್ತಿಗೆ ಮರಳಿ ಹೋಯಿತು. ಹಕ್ಕಿ ಇದೆ, ಅದರ ಅಗತ್ಯ ಇಲ್ಲ. ಅಗತ್ಯ ಇಲ್ಲದ ಜೊತೆಗಾರನನ್ನು ನೀವು ಕರೆಯುವುದೇ ಇಲ್ಲ, ಕರೆಯದೆ ಸಲುಗೆ ಬೆಳೆಯುವುದು ಹೇಗೆ? ನಿಮ್ಮ ಮನಸ್ಸಿನಲ್ಲಿ ಯಾವ ಕೊರತೆಯೂ ಇರಲಿಲ್ಲ.

ಮುಂದಿನ ಆಟದ ಬಗ್ಗೆ ಕೇಳಿದ್ದೀರಿ. 2018ರ ‘ಒಡಿಸ್ಸಿ’ಗೆ ಹೋಗಿ. ಕ್ರಿ.ಪೂ. 431ರ ಗ್ರೀಸ್, ಅಥೆನ್ಸ್ ಮತ್ತು ಸ್ಪಾರ್ಟಾ ಯುದ್ಧದ ಕಾಲ. ಅಲ್ಲಿನ ಹದ್ದು ಇಕಾರೋಸ್. ಶತ್ರುಗಳನ್ನು ಗುರುತಿಸುವುದು ಅಲ್ಲಿ ಸ್ವಲ್ಪ ಅತಿಯಾಗಿಯೇ ಸುಲಭವಾಗಿದೆ, ಅದು ನನ್ನ ದೂರು. ಆದರೆ ಶುರುವಿನಲ್ಲಿ ‘ಗೈಡೆಡ್’ ಬೇಡ, ‘ಎಕ್ಸ್‌ಪ್ಲೊರೇಶನ್’ ಮೋಡ್ ಆರಿಸಿ. ಆಗ ಗುರಿ ನಕ್ಷೆಯಲ್ಲಿ ತಾನಾಗಿ ಕಾಣುವುದಿಲ್ಲ. ಇಂಥ ಪ್ರಾಂತ್ಯದಲ್ಲಿದೆ, ಇಂಥ ಊರಿನ ದಕ್ಷಿಣಕ್ಕಿದೆ ಎಂಬ ಸುಳಿವು ಹಿಡಿದು ಹತ್ತಿರ ಹೋಗಿ, ಇಕಾರೋಸ್ ಹಾರಿಸಿ ಹುಡುಕಬೇಕು. ಆಮೇಲೆ 2023ರ ‘ಮಿರಾಜ್’ ಆಡಿ, 9ನೇ ಶತಮಾನದ ಬಾಗ್ದಾದ್, ನಾಯಕ ಬಾಸಿಮ್ ಮತ್ತು ಅವನ ಹದ್ದು ಎಂಕಿಡು. ಅಲ್ಲಿ ಕೆಲವು ಜಾಗಗಳಲ್ಲಿ ಬಿಲ್ಲುಗಾರರು ಎಂಕಿಡುವಿಗೇ ಬಾಣ ಬಿಟ್ಟು ಓಡಿಸುತ್ತಾರೆ. ಮೊದಲು ಆ ಬಿಲ್ಲುಗಾರನನ್ನು ನೀವು ಮುಗಿಸಬೇಕು, ಆಮೇಲೆ ಹದ್ದು ಹಾರುತ್ತದೆ. ಸೆನು ನಿಮ್ಮನ್ನು ಕಾಯುತ್ತಿತ್ತು, ಇಲ್ಲಿ ನೀವು ಹದ್ದನ್ನು ಕಾಯಬೇಕು. 2025ರ ‘ಶ್ಯಾಡೋಸ್’ನಲ್ಲಿ ಇಂಥ ಹಕ್ಕಿಯೇ ಇಲ್ಲ, ಆದ್ದರಿಂದ ಅದನ್ನು ಕೊನೆಗಿಟ್ಟುಕೊಳ್ಳಿ.